‘ಜೀವನಮಟ್ಟ’ ಸರಿಯೇ? ‘ಯಾವಾಗಲೂ ಇಲ್ಲ’ ಎಂದರೆ ಏನು?

ಪ್ರಶ್ನೆ: ಬಳಗದವರಿಗೆ ನಮಸ್ಕಾರ. ಹದಿಹರೆಯದವರು ತಾವೇ ತುಂಬುವ ಆರೋಗ್ಯ ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುವಾಗ ‘ಕ್ವಾಲಿಟಿ ಆಫ್ ಲೈಫ್’ಗೆ ‘ಜೀವನಮಟ್ಟ’ ಸಾಕೇ? ಉತ್ತರದ ಐದು ಆಯ್ಕೆಗಳನ್ನು ‘ಯಾವಾಗಲೂ ಇಲ್ಲ, ಹೆಚ್ಚುಕಡಿಮೆ ಇಲ್ಲ, ಕೆಲವೊಮ್ಮೆ, ಆಗಾಗ, ಹೆಚ್ಚುಕಡಿಮೆ ಯಾವಾಗಲೂ’ ಎಂದು ಹಾಕಬಹುದೇ?

ಉತ್ತರ: ‘ಜೀವನಮಟ್ಟ’ ಬೇಡ. ಆ ಮಾತು ಕೇಳಿದೊಡನೆ ಸಂಬಳ, ಮನೆ, ಸ್ಕೂಟರು ನೆನಪಾಗುತ್ತವೆ. ಇಲ್ಲಿ ಅಳೆಯುವುದು ಬೇರೆ: ತನ್ನ ಬದುಕು ಹೇಗಿದೆ ಎಂದು ಹುಡುಗ ಅಥವಾ ಹುಡುಗಿಗೇ ಅನ್ನಿಸುವುದು. ಉಳ್ಳವರ ಮನೆಯ ಹುಡುಗಿಗೆ ಆಸ್ತಮಾ ಇದ್ದರೆ ಜೀವನಮಟ್ಟ ಮೇಲಿದ್ದೂ ಈ ಅಂಕ ಕೆಳಗಿರಬಹುದು. ‘ಆರೋಗ್ಯ ಸಂಬಂಧಿ ಜೀವನ ಗುಣಮಟ್ಟ’ ಉದ್ದವಾಯಿತು, ಆದರೂ ವರದಿಯ ತಲೆಬರಹಕ್ಕೆ ನಡೆಯುತ್ತದೆ. ಮಕ್ಕಳ ಕೈಗೆ ಕೊಡುವ ಹಾಳೆಯಲ್ಲಿ ಅದು ಬರಬೇಕಾದ್ದೇ ಇಲ್ಲ. ಮಕ್ಕಳಲ್ಲಿ ಇದನ್ನೇ ಅಳೆಯುವ ಪೆಡ್ಸ್‌ಕ್ಯೂಎಲ್ 4.0 ಎಂಬ ಪ್ರಶ್ನಾವಳಿಯ 23 ಪ್ರಶ್ನೆಗಳು (ದೇಹಕ್ಕೆ 8, ಮನಸ್ಸು, ಒಡನಾಟ, ಶಾಲೆಗೆ ತಲಾ 5) ಇಂಥಿಂಥದ್ದು ಎಷ್ಟು ಸಲ ತೊಂದರೆ ಕೊಟ್ಟಿತು ಎಂದಷ್ಟೇ ಕೇಳುತ್ತವೆ.

ನಿಜವಾದ ಪೇಚು ಇರುವುದು ಆಯ್ಕೆಗಳಲ್ಲಿ. ‘ಓಡಲು ಕಷ್ಟವಾಗುತ್ತದೆ: ಯಾವಾಗಲೂ ಇಲ್ಲ.’ ಇದನ್ನು ಒಬ್ಬರು ‘ಎಂದೂ ಕಷ್ಟವಾಗಿಲ್ಲ’ ಎಂದು ಓದುತ್ತಾರೆ, ಇನ್ನೊಬ್ಬರು ‘ಯಾವಾಗಲೂ ಅಂತೇನಿಲ್ಲ, ಒಮ್ಮೊಮ್ಮೆ ಆಗುತ್ತದೆ’ ಎಂದು. ತೊಂದರೆ ಕಡಿಮೆಯಾದಷ್ಟೂ ಅಂಕ ಹೆಚ್ಚು: ಮೊದಲನೆಯದಕ್ಕೆ ಸಲ್ಲಬೇಕಾದದ್ದು 100 ಅಂಕ, ಎರಡನೆಯದಕ್ಕೆ 50! ‘ಹೆಚ್ಚುಕಡಿಮೆ ಇಲ್ಲ’ ಕೂಡ ಎಡವಟ್ಟೇ. ಏನು ಹೆಚ್ಚು, ಏನು ಕಡಿಮೆ ಎಂದು ಮಕ್ಕಳು ತಡವರಿಸುತ್ತಾರೆ. ‘ಒಮ್ಮೆಯೂ ಇಲ್ಲ, ಅಪರೂಪಕ್ಕೆ, ಕೆಲವೊಮ್ಮೆ, ಆಗಾಗ, ಬಹುಪಾಲು ಯಾವಾಗಲೂ’ ಎಂದರೆ ಮೆಟ್ಟಿಲು ಒಂದೊಂದಾಗಿ ಏರುತ್ತದೆ. ಆದರೂ ಇವುಗಳಲ್ಲಿ ‘ಕೆಲವೊಮ್ಮೆ’ ಮತ್ತು ‘ಆಗಾಗ’ಗಳ ನಡುವಿನ ಅಂತರ ಊರಿಂದೂರಿಗೆ ಬದಲಾಗಬಹುದು. ಐದೂ ಪದಗಳನ್ನು ಬೇರೆ ಬೇರೆ ಚೀಟಿಯಲ್ಲಿ ಬರೆದು, ಕಡಿಮೆಯಿಂದ ಹೆಚ್ಚಿಗೆ ಜೋಡಿಸಲು ಮಕ್ಕಳಿಗೇ ಕೊಟ್ಟು ನೋಡಿ. ಅದಲುಬದಲಾದ ಚೀಟಿಯೇ ಬದಲಿಸಬೇಕಾದ ಪದ.

ಅಂಕ ಹಾಕುವಾಗ ಇನ್ನೊಂದು ಎಚ್ಚರಿಕೆ. ಆಯ್ಕೆಗಳಿಗೆ 0ಯಿಂದ 4ರವರೆಗೆ ಸಂಖ್ಯೆ ಕೊಟ್ಟು, ಆಮೇಲೆ ಅವನ್ನು 100, 75, 50, 25, 0 ಎಂದು ತಿರುಗಿಸುತ್ತಾರೆ. ಹಾಗಾಗಿ ಖಾಲಿ ಬಿಟ್ಟ ಪ್ರಶ್ನೆಗೆ ಕಂಪ್ಯೂಟರಿನಲ್ಲಿ 0 ತುಂಬಿದರೆ ಅದು ‘ತೊಂದರೆಯೇ ಇಲ್ಲ’ ಎಂದಾಗಿಬಿಡುತ್ತದೆ. ಶಾಲೆಯ ಐದರಲ್ಲಿ ಮೂರಕ್ಕೆ 75, 50, 100 ಬಂದು ಎರಡು ಖಾಲಿ ಇದ್ದರೆ ಸರಾಸರಿ 75. ಖಾಲಿಗೆ 0 ತುಂಬಿದರೆ ಅವೆರಡೂ 100 ಆಗಿ ಸರಾಸರಿ 85. ಅರ್ಧಕ್ಕಿಂತ ಹೆಚ್ಚು ಪ್ರಶ್ನೆ ಖಾಲಿಯಿದ್ದರೆ ಆ ಭಾಗದ ಅಂಕ ಲೆಕ್ಕಹಾಕುವಂತಿಲ್ಲ.

ಇನ್ನೊಂದು ಉತ್ತರ: ಮೇಲಿನದಕ್ಕೆ ಕಾಲದ ಮಾತೊಂದು ಸೇರಿಸುತ್ತೇನೆ. ಕರಡುಗಳಲ್ಲಿ ‘ಹೋದ ತಿಂಗಳು’ ಎಂದಿರುತ್ತದೆ. ಜೂನ್ 25ಕ್ಕೆ ಕೇಳಿದರೆ ನಮ್ಮ ಮಕ್ಕಳಿಗೆ ಅದು ಮೇ ತಿಂಗಳು, ಬೇಸಿಗೆ ರಜೆ. ‘ತರಗತಿಯಲ್ಲಿ ಗಮನ ಕೊಡಲು ಕಷ್ಟ’ ಎಂಬುದಕ್ಕೆ ಏನು ಹೇಳಿಯಾರು? ‘ಇವತ್ತಿಗೆ ಹಿಂದಿನ ಒಂದು ತಿಂಗಳಲ್ಲಿ’ ಎಂದಾಗಲಿ. ಕಿಡ್‌ಸ್ಕ್ರೀನ್ ಎಂಬ ಇನ್ನೊಂದು ಪ್ರಶ್ನಾವಳಿಯಂತೆ ವಾರದ ಲೆಕ್ಕ ಕೇಳುವವಕ್ಕೂ ಇದೇ ತೊಡಕು: ‘ಹೋದ ವಾರ’ ಅಂದರೆ ಈ ವಾರದ ದಿನಗಳು ಲೆಕ್ಕದಿಂದ ಬಿಟ್ಟುಹೋದವು.

ಮತ್ತೆ ‘ಬ್ಲಾಕ್’. ಪೆಡ್ಸ್‌ಕ್ಯೂಎಲ್‌ನ ಇಂಗ್ಲಿಷ್ ಮೂಲದಲ್ಲಿ ಒಂದು ಬ್ಲಾಕ್‌ಗಿಂತ (ಒಂದು ಅಡ್ಡರಸ್ತೆಯಿಂದ ಮುಂದಿನದರವರೆಗಿನ ದೂರಕ್ಕಿಂತ) ಹೆಚ್ಚು ನಡೆಯುವುದು ಕಷ್ಟವೇ ಎಂದಿದೆ. ಬೆಂಗಳೂರಿನ ಹುಡುಗನಿಗೆ ಬ್ಲಾಕ್ ಎಂದರೆ ಜಯನಗರ ನಾಲ್ಕನೇ ಬ್ಲಾಕ್, ಅದನ್ನು ದಾಟಲು ಯಾರಿಗಾದರೂ ಕಾಲು ನೋಯಬೇಕು. ‘ಬೀದಿಯ ಈ ತುದಿಯಿಂದ ಆ ತುದಿಗೆ’ ಎಂದರೆ ಹಳ್ಳಿಗೂ ಪೇಟೆಗೂ ಹೊಂದುತ್ತದೆ. ತಂದೆತಾಯಿ ತುಂಬುವ ಹಾಳೆಯಲ್ಲಿ ‘ನಿಮ್ಮ ಮಗು’ವನ್ನೂ ತೆಗೆಯಿರಿ, ಹದಿನೇಳರ ಮೀಸೆ ಚಿಗುರಿದವನು ಮಗುವಲ್ಲ. ‘ನಿಮ್ಮ ಮಗ/ಮಗಳು’ ಸಾಕು. ಆದರೆ ಈ ಪ್ರಶ್ನಾವಳಿಗಳಿಗೆ ಹಕ್ಕುದಾರರಿದ್ದಾರೆ. ಅವರ ಅನುಮತಿಯಿಲ್ಲದೆ ಒಂದು ಪದವನ್ನೂ ಬದಲಿಸಬೇಡಿ. ಅನುವಾದ ಸರಿಯಿದೆಯೇ ಎಂದು ನೋಡಲು ಕನ್ನಡದಿಂದ ಇಂಗ್ಲಿಷಿಗೆ ಮರಳಿಸುವ ಕೆಲಸವನ್ನು ಮೂಲ ನೋಡಿರದವರಿಗೇ ಕೊಡಿ.