ಸಹಾಯ ಬೇಕು: ಸೋಯಾ ಹಿಂಡಿ ಹೆಚ್ಚಿರುವ ಸಿಗಡಿ ಫೀಡ್‌ಗೆ ಏನೇನು ಸೇರಿಸಬೇಕು?

ಮದ್ದೂರು ಕಡೆಯ ಸಿಹಿನೀರು ಸಿಗಡಿ ಹೊಂಡಗಳಿಗೆ ಮೀನುಪುಡಿ ಕಡಿಮೆ ಮಾಡಿ ಪೆಲೆಟ್ ತಯಾರಿಸುತ್ತಿದ್ದೇವೆ. 100 ಕೆಜಿಗೆ ಸೋಯಾ ಹಿಂಡಿ 45, ಗೋಧಿ ಹಿಟ್ಟು 20, ಎಣ್ಣೆ ತೆಗೆದ ತೌಡು 15, ಕಡಲೆಕಾಯಿ ಹಿಂಡಿ 10, ಮೀನುಪುಡಿ 5, ಮೀನೆಣ್ಣೆ 2, ಖನಿಜ ಮಿಶ್ರಣ 2, ಲೆಸಿಥಿನ್ 1. ಪ್ರೋಟೀನ್ ಸುಮಾರು 32% ಬರುತ್ತೆ, ತೊಂದರೆ ಅದಲ್ಲ.

ಸಿಗಡಿಗೆ ಕೊಲೆಸ್ಟರಾಲ್ ತಾನೇ ತಯಾರಿಸಿಕೊಳ್ಳಲು ಆಗಲ್ಲ, ಹಿಂಡಿಯಲ್ಲಿ ಅದು ಸಿಗಲ್ಲ. ಕೊರತೆಯಾದರೆ ಚಿಪ್ಪು ಕಳಚುವ ಹೊತ್ತಿಗೆ ಸಾಯುತ್ತವೆ. ಶುದ್ಧ ಕೊಲೆಸ್ಟರಾಲ್ ಬೆಲೆ ಕೇಳುವಂತಿಲ್ಲ. ಅದರ ಬದಲು ಸಿಗಡಿ ತಲೆ ಪುಡಿ ಅಥವಾ ಸ್ಕ್ವಿಡ್ ಲಿವರ್ ಪುಡಿ 3–5 ಕೆಜಿ ಹಾಕಿದವರಿದ್ದೀರಾ? ಅದಕ್ಕೆ ಯಾವುದನ್ನು ಕಡಿಮೆ ಮಾಡಿದಿರಿ?

ಸೋಯಾದಲ್ಲಿ ಮೆಥಿಯೋನಿನ್ (ಪ್ರೋಟೀನ್ ಕಟ್ಟಲು ಬೇಕಾದ ಒಂದು ಅಮೈನೋ ಆಮ್ಲ) ಕೂಡ ಸಾಲದು. ಕೋಳಿ ಫೀಡ್‌ನ ಮಾಮೂಲಿ ಡಿಎಲ್-ಮೆಥಿಯೋನಿನ್ ಇಲ್ಲಿ ದಂಡ: ಸಿಗಡಿ ಪೆಲೆಟ್ ಹಿಡಿದುಕೊಂಡು ನಿಧಾನವಾಗಿ ಕೆರೆದು ತಿನ್ನುತ್ತೆ, ಅಷ್ಟರಲ್ಲಿ ಅದು ನೀರಿಗೆ ಸೋರಿಹೋಗಿರುತ್ತೆ. ಲೇಪನ ಇರುವ ಮೆಥಿಯೋನಿನ್ ಮೈಸೂರಲ್ಲಿ ಐದು-ಹತ್ತು ಕೆಜಿ ಬಿಡಿಯಾಗಿ ಎಲ್ಲಿ ಸಿಗುತ್ತೆ?

ಹಿಂಡಿ, ತೌಡಿನಲ್ಲಿ ಸಿಕ್ಕಿಕೊಂಡಿರುವ ರಂಜಕವನ್ನು ಬಿಡಿಸುವ ಕಿಣ್ವವಾದ ಫೈಟೇಸ್ ಕೂಡ ಸೇರಿಸಬೇಕು ಅಂತಿದ್ದೇವೆ. ಆದರೆ ಫೈಟೇಸ್ ಪುಡಿ ಪೆಲೆಟ್ ಮಾಡುವಾಗಿನ ಹಬೆಯ ಬಿಸಿ 80 ಡಿಗ್ರಿ ದಾಟಿದರೆ ಕೆಟ್ಟುಹೋಗುತ್ತೆ. ಹಾಗಾಗಿ ಆರಿದ ಪೆಲೆಟ್ ಮೇಲೆ ದ್ರವ ಫೈಟೇಸ್ ಸಿಂಪಡಿಸಿ, ಆಮೇಲೆ ಮೀನೆಣ್ಣೆ ಸವರುವ ಯೋಚನೆ. ಎಷ್ಟು ನೀರಲ್ಲಿ ಬೆರೆಸಿದರೆ ಪೆಲೆಟ್ ಮೆತ್ತಗಾಗಲ್ಲ ಅಂತ ತಿಳಿದವರು ಹೇಳಿ.

ಕಡಲೆಕಾಯಿ ಹಿಂಡಿಯ ಅಫ್ಲಾಟಾಕ್ಸಿನ್ (ಬೂಷ್ಟಿನ ವಿಷ) ಬಗ್ಗೆ ಸಲಹೆ ಬೇಡ, ಪರೀಕ್ಷೆ ಮಾಡಿಸಿಯೇ ತರುತ್ತೇವೆ.