ಕಾಕಾ ಕಳಿಸಿದ ಪೇಪರ್ ಕಟಿಂಗ್

ಕಾಕಾ: (ಫೋಟೊ) ಎಲ್ಲರೂ ನೋಡ್ರಿ. ಐದನೇ ಕ್ಲಾಸಿನ ಎಷ್ಟೋ ಮಕ್ಕಳಿಗೆ ಎರಡನೇ ಕ್ಲಾಸಿನ ಪಾಠ ಓದಲು ಬರುವುದಿಲ್ಲವಂತೆ. ನಮ್ಮೂರ ಕನ್ನಡ ಶಾಲೆ ಕಥೆಯೂ ಇಷ್ಟೇ. ಯವ್ವಾ, ಮಗಳನ್ನು ಗದಗಿನ ಇಂಗ್ಲಿಷ್ ಮೀಡಿಯಂಗೆ ಹಾಕು.

ನಾನು: ಕಾಕಾ, ಅದು ಅಸರ್ ಸಮೀಕ್ಷೆ, ಹಳ್ಳಿ ಮಕ್ಕಳ ಓದು-ಲೆಕ್ಕ ಹೇಗಿದೆ ಅಂತ ನೋಡುವುದು. ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ ಆರಿಸಿ, ಮನೆಗೇ ಹೋಗಿ ಮಕ್ಕಳಿಂದ ಓದಿಸುತ್ತಾರೆ. ಖಾಸಗಿ ಶಾಲೆ ಮಕ್ಕಳೂ ಅದರಲ್ಲಿರುತ್ತಾರೆ. ನಮ್ಮದು ಪಟ್ಟಣ ಪಂಚಾಯಿತಿ ಊರು, ಅವರ ಲೆಕ್ಕಕ್ಕೇ ಬರುವುದಿಲ್ಲ. ಅದನ್ನಿಟ್ಟುಕೊಂಡು ನಮ್ಮ ಶಾಲೆಗೆ ಮಾರ್ಕ್ಸ್ ಹಾಕೋದು ಹೇಗೆ?

ತಮ್ಮ: ಅಕ್ಕಾ, ಸಮೀಕ್ಷೆ ಬಿಡು. ಪಕ್ಕದ ಮನೆ ಹುಡುಗ ನಾಲ್ಕನೇ ಕ್ಲಾಸು. ಅವನಿಗೆ ಓದೋಕೆ ಬರುತ್ತಾ?

ನಾನು: ಸರಿಯಾಗಿ ಬರಲ್ಲ. ನಿನ್ನೆ ಕೂಡಿಸಿಕೊಂಡು ನೋಡಿದೆ. ‘ಮರ’, ‘ಗಾಳಿಪಟ’ ಸರಸರ ಓದಿದ. ‘ಪುಸ್ತಕ’ ಬಂತು, ಬೆರಳು ಅಲ್ಲೇ ನಿಂತಿತು. ಒತ್ತಕ್ಷರ ಗಟ್ಟಿಯಾಗಿಲ್ಲ. ಯಾಕೆ ಅಂತ ಕೇಳಿ. ಒಂದರಿಂದ ಮೂರರವರೆಗೆ ನಲಿ-ಕಲಿ, ಎಲ್ಲರೂ ಒಂದೇ ಕೋಣೆಯಲ್ಲಿ. ಪಾಠದ ಮೆಟ್ಟಿಲು ತೋರಿಸುವ ಕಲಿಕಾ ಏಣಿ ನೋಡಿ ಮಗು ತನ್ನ ಕಾರ್ಡ್ ತಾನೇ ತೆಗೆದು ಕಲಿಯಬೇಕು. ಒಳ್ಳೆ ಪದ್ಧತಿಯೇ. ಆದರೆ ಟೀಚರ್ ಪಕ್ಕದಲ್ಲಿ ಕೂತಿರಬೇಕಲ್ವಾ? ಅವರು ತರಬೇತಿ, ಆನ್‌ಲೈನ್ ಎಂಟ್ರಿ ಅಂತ ಓಡಾಡುತ್ತಾರೆ. ಜೂನ್‌ನಲ್ಲಿ ಬರಬೇಕಿದ್ದ ಅತಿಥಿ ಶಿಕ್ಷಕರು ಇನ್ನೂ ಬಂದಿಲ್ಲ. ಮೆಣಸಿನಕಾಯಿ ಬಿಡಿಸುವ ಸುಗ್ಗಿಯಲ್ಲಿ ಹುಡುಗ ಅವ್ವನ ಜೊತೆ ಹೊಲಕ್ಕೆ ಹೋಗುತ್ತಾನೆ. ಅವನಿಗೆ ತಲೆ ಇಲ್ಲ ಅಂತ ಮಾತ್ರ ಯಾರೂ ಅನ್ನಬೇಡಿ.

ಕಾಕಾ: ಅದಕ್ಕೇ ಹೇಳಿದ್ದು. ವ್ಯಾನ್ ಮನೆ ಮುಂದೆ ಬರುತ್ತೆ. ಕೂಸಿನ ಭವಿಷ್ಯ ನೋಡು.

ವೈನಿ: ಮಾವಾರೇ, ನಮ್ಮ ಮಗ ಅದೇ ವ್ಯಾನ್‌ನಲ್ಲಿ ಹೋಗುತ್ತಾನೆ. ಇಂಗ್ಲಿಷ್ ಪದ್ಯ ಬಾಯಿಪಾಠ ಹೇಳುತ್ತಾನೆ. ಅರ್ಥ ಕೇಳಿದರೆ ಸುಮ್ನೆ ನಿಲ್ಲುತ್ತಾನೆ.

ನಾನು: ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಐದನೇ ಕ್ಲಾಸಿನವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 90ರವರೆಗೆ ಮೂವರು. 70 ಇದ್ದದ್ದು 55 ಆದರೆ ಒಬ್ಬರನ್ನು ಹೆಚ್ಚುವರಿ ಅಂತ ಬೇರೆ ಕಡೆ ಹಾಕುತ್ತಾರೆ. ನಾವು ನಮ್ಮ ಮಕ್ಕಳನ್ನು ತೆಗೆದರೆ ಕೂಲಿಯವರ ಮಕ್ಕಳಿಗೆ ಇರುವ ಟೀಚರೂ ಹೋಗುತ್ತಾರೆ. ಆಮೇಲೆ ಅವರಿಗೆ ಓದೋಕೆ ಬರಲ್ಲ ಅಂತ ನಾವೇ ಫೋಟೊ ಹಾಕುತ್ತೇವೆ. ನನ್ನ ಮನಸ್ಸು ಒಪ್ಪಲ್ಲ ಕಾಕಾ.

ತಮ್ಮ: ಹಾಗಾದರೆ ಏನು ಮಾಡೋಣ ಅಂತೀ?

ನಾನು: ಶನಿವಾರ ಎಸ್‌ಡಿಎಂಸಿ, ಅಂದರೆ ಪಾಲಕರಿರುವ ಶಾಲಾ ಸಮಿತಿಯ ಸಭೆ ಇದೆ. ಅತಿಥಿ ಶಿಕ್ಷಕರು ಬೇಕು ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಅರ್ಜಿ ಕೊಡಬೇಕು, ಪಾಲಕರ ಸಹಿ ಬೇಕು. ನೀನೂ ಬಾ. ಅಲ್ಲಿಯವರೆಗೆ ಸಂಜೆ ಒತ್ತಕ್ಷರ ನಾನು ಓದಿಸುತ್ತೇನೆ.

ಕಾಕಾ: ನಾನಂತೂ ಈಗಲೂ ಇಂಗ್ಲಿಷ್ ಮೀಡಿಯಂ ಅಂತಲೇ ಹೇಳುತ್ತೇನೆ. ಆದರೆ ಅರ್ಜಿಯ ಕಾಪಿ ಕಳಿಸು. ಆ ಆಫೀಸಿನಲ್ಲಿ ಪರಿಚಯದವರಿದ್ದಾರೆ, ಮಾತಾಡಿ ನೋಡುತ್ತೇನೆ.