ಅಪ್‌ಡೇಟ್: ಗ್ಯಾರೇಜ್ ಬಾಗಿಲಿಗೆ ಬೆಲ್ಟ್ ಮೋಟರೇ ಹಾಕಿಸಿದೆ

ಗ್ಯಾರೇಜ್ ಬಾಗಿಲನ್ನು ತೆರೆದು ಮುಚ್ಚಲು ಚೈನ್ ಮೋಟರಾ, ಸದ್ದು ಕಡಿಮೆ ಮಾಡುವ ಬೆಲ್ಟ್ ಮೋಟರಾ ಅಂತ ಹೋದ ತಿಂಗಳು ಇಲ್ಲಿ ಕೇಳಿದ್ದೆ. ಗ್ಯಾರೇಜ್ ಮೇಲೇ ಮಗಳು ಮಲಗುವ ರೂಮು, ಹಾಗಾಗಿ ಬೆಲ್ಟೇ ಹಾಕಿಸಿದೆ. ಬೆಲೆ ಸ್ವಲ್ಪ ಜಾಸ್ತಿ. ಆದರೆ ರಾತ್ರಿ ಹನ್ನೊಂದಕ್ಕೆ ಕಾರು ಒಳಗೆ ತಂದರೂ ಅವಳು ಏಳುವುದಿಲ್ಲ. ಕರೆಂಟ್ ಹೋದಾಗಲೂ ಬಾಗಿಲು ತೆರೆಯಲು ಬ್ಯಾಟರಿ ಬ್ಯಾಕಪ್ ಬೇಕಾ ಅಂತಾನೂ ಕೇಳಿದ್ದೆ ಅಲ್ವಾ? ನಮ್ಮ ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈಯಿಂದ ಹೊಸ ಮೋಟರಿಗೆ ಅದು ಕಡ್ಡಾಯ.

ಹಳೇ ಮೋಟರ್ ಏದುಸಿರು ಬಿಡುತ್ತಿದ್ದದ್ದು ಮಾತ್ರ ಬಾಗಿಲಿನ ಭಾರ ಹೊರುವ ಸ್ಪ್ರಿಂಗ್ ಸಡಿಲವಾಗಿದ್ದಕ್ಕೆ! ಹಾಕಲು ಬಂದವರು ಕೆಂಪು ಹಿಡಿಯ ಹಗ್ಗ ಎಳೆದು ಬಾಗಿಲನ್ನು ಮೋಟರಿನಿಂದ ಬಿಡಿಸಿ, ಅದನ್ನು ಸೊಂಟದ ಎತ್ತರಕ್ಕೆ ಎತ್ತಿ ಕೈಬಿಟ್ಟರು. ಅಲ್ಲೇ ನಿಲ್ಲಬೇಕಿತ್ತು, ದಡಕ್ಕನೆ ಬಿತ್ತು. ಸ್ಪ್ರಿಂಗ್ ಬದಲಾಯಿಸಿದ ಮೇಲೆ ಒಂದೇ ಕೈಯಲ್ಲಿ ಎತ್ತಬಹುದು. ಅರ್ಧ ಹೆಚ್‌ಪಿ (ಹಾರ್ಸ್‌ಪವರ್) ಮೋಟರೇ ಸಾಕಾಯಿತು, ಸುಮ್ನೆ ಮುಕ್ಕಾಲಿಗೆ ದುಡ್ಡು ಸುರಿಯುತ್ತಿದ್ದೆ.

ಈಗಿರುವ ಕಾಟ ಒಂದೇ. ಸೆನ್ಸರ್ ಮುಂದೆ ಮಗಳ ಸೈಕಲ್ ನಿಂತಿದ್ದರೆ ಬಾಗಿಲು ಮುಚ್ಚೋದೇ ಇಲ್ಲ.